ಹೂಳಿಟ್ಟ ಕಳೇಬರದ ಶೋಧನೆ

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ನೀಡಿದ ಉಪನ್ಯಾಸದ ಬರಹರೂಪ)



ಕನ್ನಡ ಪಂಡಿತನೊಬ್ಬನು ಇಂತಹ ವೇದಿಕೆಯ ಮೇಲೆ ನಿಂತನೆಂದರೆ ಪಂಪ ರನ್ನರನ್ನೋ ಶರಣರ ವಚನಗಳನ್ನೋ ಕುರಿತು ಮಾತನಾಡುವನೆಂದು ಸಭಿಕರು ಎದುರುನೋಡುವುದು ಸಹಜ. ಆದರೆ ಈ ವರ್ಷ ವಿಜ್ಞಾನದ ವಿಷಯವೊಂದನ್ನು ನಮ್ಮ ಜನಕ್ಕೆ ತಿಳಿಯುವ ಕನ್ನಡದಲ್ಲಿ ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ವಿಷಯದ ಆಯ್ಕೆಯನ್ನು ನನಗೇ ಬಿಟ್ಟರು. ನಾನು ವಿಜ್ಞಾನಿಯಲ್ಲ, ವೈದ್ಯನಲ್ಲ, ಪೊಲೀಸು ಅಧಿಕಾರಿಯಂತೂ ಅಲ್ಲವೇ ಅಲ್ಲ. ಓದಿ ತಿಳಿದುದನ್ನು ಅಡಕವಾಗಿ ನಿಮ್ಮ ಮುಂದಿಡುವುದಷ್ಟೇ ನನ್ನ ಕೆಲಸ. ಕೊಲೆಮಾಡಿ ಗುಟ್ಟಾಗಿ ಮಣ್ಣುಮಾಡಿದ ಮನುಷ್ಯದೇಹವನ್ನು ವರ್ಷಗಳ ತರುವಾಯ ಹೇಗೆ ಹುಡುಕುತ್ತಾರೆ ಎಂಬುದೇ ನಾನು ಆರಿಸಿಕೊಂಡ ವಿಷಯ.

ಉತ್ಸವದ ದಿನ ಸುಡುಗಾಡಿನ ಮಾತೇಕೆ ಎಂದು ಹಿರಿಯರೊಬ್ಬರು ಈಗತಾನೆ ಮೆಲ್ಲನೆ ಕೇಳಿದರು. ಅವರಿಗೆ ನನ್ನ ಉತ್ತರವಿಷ್ಟು. ಸತ್ತವನಿಗೆ ಮಣ್ಣು ಕೊಟ್ಟು ಬಂದ ಮನೆಯವರು ಅಳುತ್ತಾರೆ, ಅತ್ತು ಸುಮ್ಮನಾಗುತ್ತಾರೆ. ಕಾಣೆಯಾದವನ ಮನೆಯವರಿಗೆ ಆ ಸುಮ್ಮನಾಗುವಿಕೆಯೂ ಇಲ್ಲ. ಹೆಂಡತಿಯು ಮುತ್ತೈದೆಯೋ ವಿಧವೆಯೋ ಅವಳಿಗೇ ತಿಳಿಯದು. ತಿಥಿ ಯಾವಾಗ ಮಾಡಬೇಕೆಂಬುದು ಮಗನಿಗೆ ತಿಳಿಯದು. ಹೊಲದ ಉತಾರೆಯಲ್ಲಿ ಹೆಸರು ಬದಲಾಗದು. 7 ವರ್ಷಗಳ ಕಾಲ ಸುದ್ದಿಯೇ ಇಲ್ಲದವನನ್ನು ಸತ್ತವನೆಂದು ಊಹಿಸಲು ನಮ್ಮ ಸಾಕ್ಷ್ಯ ಕಾನೂನು ಅವಕಾಶ ಕೊಟ್ಟಿದೆ, ನಿಜ. ಆದರೆ ಕಾನೂನಿನ ಊಹೆಯಿಂದ ತಾಯಿಯ ಮನಸ್ಸು ಒಪ್ಪೀತೆ? ಕೊಂದವನಿಗೂ ಇದು ಗೊತ್ತು. ದೇಹವು ಸಿಕ್ಕದಿದ್ದರೆ ಮೊಕದ್ದಮೆಯು ಅರ್ಧ ಬಿದ್ದುಹೋಯಿತೆಂದೇ ಅವನ ಲೆಕ್ಕ. ಆದುದರಿಂದ ಈ ಶೋಧನೆಯ ವಿದ್ಯೆಯು ಸ್ಮಶಾನದ ಮಾತಾಗಿ ತೋರಿದರೂ ಬದುಕಿರುವವರಿಗಾಗಿಯೇ ಹುಟ್ಟಿದ ವಿದ್ಯೆ.

ಈ ವಿದ್ಯೆಯ ಕಷ್ಟವೆಲ್ಲವನ್ನೂ ಒಂದೇ ಕಡೆ ಕಾಣಬೇಕಾದರೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಬಳಿಯ ಸ್ಯಾಡಲ್‌ವರ್ತ್ ಎಂಬ ಬೋಳುಗುಡ್ಡದ ಪ್ರದೇಶಕ್ಕೆ ಹೋಗಬೇಕು. ಅಲ್ಲಿಯ ನೆಲವು ಪೀಟ್ ಎಂಬ ಕಪ್ಪು ಜೌಗುಮಣ್ಣು; ಸಾವಿರಾರು ವರ್ಷ ಕೊಳೆತೂ ಕೊಳೆಯದಂತಿರುವ ಪಾಚಿ ಹುಲ್ಲುಗಳ ರಾಶಿ. 1963ರಿಂದ 1965ರ ವರೆಗೆ ಇಯಾನ್ ಬ್ರೇಡಿ ಎಂಬವನೂ ಮೈರಾ ಹಿಂಡ್ಲಿ ಎಂಬವಳೂ ಕೂಡಿ, 10ರಿಂದ 17 ವರ್ಷದೊಳಗಿನ ಐವರನ್ನು ಕೊಂದರು. ಅವರಲ್ಲಿ ನಾಲ್ವರನ್ನು ಈ ಗುಡ್ಡದಲ್ಲಿ ಹೂಳಿದರು. 1965ರ ಅಕ್ಟೋಬರದಲ್ಲಿ ಇಬ್ಬರೂ ಸೆರೆಸಿಕ್ಕರು. ಹಿಂಡ್ಲಿಯ ಪ್ರಾರ್ಥನಾ ಪುಸ್ತಕದಲ್ಲಿ ಅಡಗಿಸಿಟ್ಟಿದ್ದ ರೈಲು ನಿಲ್ದಾಣದ ಸಾಮಾನುಕೋಣೆಯ ಚೀಟಿಯೊಂದು ಪೊಲೀಸರಿಗೆ ದೊರೆಯಿತು. ಆ ಚೀಟಿಯಿಂದ ಸೂಟ್‌ಕೇಸುಗಳು ದೊರೆತವು. ಮುಂದೆ ಅವರ ಸ್ವತ್ತಿನಲ್ಲಿ ಗುಡ್ಡದ ಮೇಲೆ ತೆಗೆದ ಭಾವಚಿತ್ರಗಳು ಹಲವು ಕಂಡವು. ಒಂದು ಚಿತ್ರದಲ್ಲಿ ಹಿಂಡ್ಲಿಯು ನಾಯಿಮರಿಯನ್ನು ಎದೆಗವಚಿಕೊಂಡು, ಕುಕ್ಕರಗಾಲಿನಲ್ಲಿ ಕುಳಿತು, ನೆಲವನ್ನೇ ನೋಡುತ್ತಿದ್ದಾಳೆ. ವಿಹಾರಕ್ಕೆ ಹೋದವರು ಬೆಟ್ಟವನ್ನು ನೋಡುತ್ತಾರೆ, ಆಕಾಶವನ್ನು ನೋಡುತ್ತಾರೆ. ಬರಿಯ ನೆಲವನ್ನು ನೋಡುವವರುಂಟೆ? ಪೊಲೀಸರು ಆ ಚಿತ್ರವನ್ನು ಕೈಯಲ್ಲಿ ಹಿಡಿದು, ಹಿನ್ನೆಲೆಯಲ್ಲಿ ಕಾಣುವ ಬಂಡೆಗಳನ್ನೂ ದಿಗಂತದ ಏರಿಳಿತಗಳನ್ನೂ ಹೋಲಿಸುತ್ತ ಹೋಗಿ, ಅದೇ ಜಾಗದಲ್ಲಿ ಅಗೆದರು. 12 ವರ್ಷದ ಹುಡುಗನ ದೇಹವು ಅಲ್ಲಿತ್ತು. ಅದಕ್ಕೆ ಕೆಲವೇ ದಿನಗಳ ಹಿಂದೆ 10 ವರ್ಷದ ಬಾಲಿಕೆಯ ದೇಹವು ಸಿಕ್ಕಿತ್ತು. ಪೀಟಿನ ಮೇಲೆ ಚಾಚಿದ್ದ ತೋಳಿನ ಮೂಳೆಯನ್ನು ಪೊಲೀಸನೊಬ್ಬನು ಕಂಡಿದ್ದನು.

ಚಿತ್ರವನ್ನು ತೆಗೆದ ಕಾಲವನ್ನು ನಿಶ್ಚಯಿಸುವುದಕ್ಕಾಗಿ ಆ ನಾಯಿಯ ಹಲ್ಲುಗಳನ್ನು ಪರೀಕ್ಷಿಸಿ ಅದರ ವಯಸ್ಸನ್ನು ಅಳೆದರು. ಅರಿವಳಿಕೆ ಕೊಟ್ಟಾಗ ನಾಯಿಯು ಸತ್ತುಹೋಯಿತು. ಮಕ್ಕಳ ಕೊಲೆಯ ಸಂಬಂಧದಲ್ಲಿ ಕಣ್ಣೀರು ತೋರದ ಹಿಂಡ್ಲಿಯು ನಾಯಿಗಾಗಿ ಕೋಪಗೊಂಡಳೆಂದು ಬರೆದವರುಂಟು. ಮನುಷ್ಯಸ್ವಭಾವದ ಈ ತಿರುವನ್ನು ವಿವರಿಸುವ ಶಕ್ತಿ ನನಗಿಲ್ಲ.

ಉಳಿದ ಇಬ್ಬರ ಮಾತು ಬೇರೆ. ಸುಮಾರು ಇಪ್ಪತ್ತು ವರ್ಷಗಳ ಮೇಲೆ ಆ ಇಬ್ಬರು ಅಪರಾಧಿಗಳೂ ತಪ್ಪೊಪ್ಪಿಕೊಂಡರು. ಅವರನ್ನು ಗುಡ್ಡಕ್ಕೆ ಕರೆತಂದು ಜಾಗ ತೋರಿಸಹೇಳಿದರು. 1987ರ ಜುಲೈ 1ರಂದು 16 ವರ್ಷದ ಕನ್ಯೆಯ ದೇಹವು ದೊರೆಯಿತು. ಹೂಳಿ 24 ವರ್ಷಗಳಾಗಿದ್ದರೂ ಪೀಟಿನ ಹುಳಿಯೂ ಗಾಳಿಯಿಲ್ಲದ ತೇವವೂ ಸೇರಿ ಆ ದೇಹವನ್ನು ಗುರುತು ಸಿಕ್ಕುವಷ್ಟು ಕಾಪಾಡಿದ್ದವು. ಐದನೆಯ ಬಾಲಕನು ಮಾತ್ರ ಇಂದಿಗೂ ದೊರೆತಿಲ್ಲ. ಅವನ ತಾಯಿಯು ವರ್ಷವರ್ಷವೂ ಆ ಗುಡ್ಡವನ್ನು ಹತ್ತುತ್ತಿದ್ದಳು. 2012ರಲ್ಲಿ ಆಕೆಯೂ ತೀರಿಕೊಂಡಳು. ಹಿಂಡ್ಲಿಯು 2002ರಲ್ಲಿ, ಬ್ರೇಡಿಯು 2017ರಲ್ಲಿ ಸತ್ತರು. 2022ರಲ್ಲಿ ತಲೆಬುರುಡೆಯೊಂದು ಸಿಕ್ಕಿತೆಂಬ ಸುದ್ದಿಯಿಂದ ಮತ್ತೊಮ್ಮೆ ಅಗೆದರು. ಪುರಾತತ್ತ್ವಜ್ಞರೂ ಅಸ್ಥಿಶಾಸ್ತ್ರಜ್ಞರೂ ಮಣ್ಣನ್ನು ಪದರು ಪದರಾಗಿ ನೋಡಿದರು. ಮನುಷ್ಯದೇಹದ ಕುರುಹು ಕಾಣಲಿಲ್ಲ.

ಈ ಒಂದು ಪ್ರಕರಣದಿಂದ ಮೊದಲನೆಯ ತತ್ತ್ವವು ತಾನಾಗಿ ಹೊರಡುತ್ತದೆ. ಹುಡುಕುವುದು ನೆಲದಲ್ಲಿ ಆರಂಭವಾಗುವುದಿಲ್ಲ, ಹೂಳಿದವನ ತಲೆಯಲ್ಲಿ ಆರಂಭವಾಗುತ್ತದೆ. ಹೆಣವು ಭಾರವಾದುದು. ಅದನ್ನು ಹೊತ್ತು ಬಹುದೂರ ನಡೆಯಲು, ಅದರಲ್ಲಿಯೂ ಏರುಮುಖವಾಗಿ ನಡೆಯಲು, ಯಾರೂ ಬಯಸರು. ಗಾಡಿಯು ಹೋಗುವ ದಾರಿಯಿರಬೇಕು, ದಾರಿಹೋಕರ ಕಣ್ಣಿಗೆ ಮರೆಯಿರಬೇಕು, ಮಣ್ಣು ಮೆದುವಾಗಿರಬೇಕು, ಕತ್ತಲೆಯಲ್ಲಿಯೂ ತನಗೆ ಗುರುತು ಸಿಕ್ಕುವಂತೆ ಒಂದು ಮರವೋ ಬಂಡೆಯೋ ಬೇಲಿಯ ಮೂಲೆಯೋ ಹತ್ತಿರವಿರಬೇಕು. ಭೂಪಟದ ಮೇಲೆ ಈ ನಾಲ್ಕನ್ನೂ ಒಂದರ ಮೇಲೊಂದಿಟ್ಟು ನೋಡಿದರೆ ನೂರು ಎಕರೆಯ ಹುಡುಕಾಟವು ಹತ್ತು ಎಕರೆಗೆ ಇಳಿಯುವುದುಂಟು. ಗುಣಿಯ ಆಳವನ್ನೂ ಹೀಗೆಯೇ ಊಹಿಸಬಹುದು. ಅವಸರದಲ್ಲಿ ಅಗೆಯುವವನು ಆರಡಿ ಅಗೆಯಲಾರನು. ಇಂತಹ ಗುಣಿಗಳು ಬಹುಮಟ್ಟಿಗೆ ಮೊಳಕಾಲಿನಿಂದ ಸೊಂಟದ ವರೆಗಿನ ಆಳದವೇ.

ಇನ್ನು ನೆಲವನ್ನು ಓದುವ ಮಾತು. ಇದರಲ್ಲಿ ನಮ್ಮ ರೈತರಿಗೆ ಯಾರೂ ಹೊಸದಾಗಿ ಕಲಿಸಬೇಕಾದುದಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದ ಕಾಲವೊಂದಿತ್ತು. ಹಳೆಯ ಹಗೇವು ಮುಚ್ಚಿಹೋಗಿ ಅದರ ನೆಲೆಯು ಮರೆತುಹೋದರೆ ಹಿರಿಯರು ಏನು ಮಾಡುತ್ತಿದ್ದರು? ಮಳೆ ಬಿದ್ದ ಮರುದಿನ ನೀರು ಎಲ್ಲಿ ತಟ್ಟೆಯಾಕಾರವಾಗಿ ನಿಲ್ಲುವುದೆಂದು ನೋಡುತ್ತಿದ್ದರು. ಹಿಮ್ಮಡಿಯಿಂದ ನೆಲವನ್ನು ಒದ್ದು ಸದ್ದನ್ನು ಕೇಳುತ್ತಿದ್ದರು. ಯಾವ ಕಡೆ ಗರಿಕೆಯು ಹೆಚ್ಚು ಹಸುರಾಗಿದೆಯೆಂದು ಗಮನಿಸುತ್ತಿದ್ದರು. ಗುಪ್ತಸಮಾಧಿಯ ಲಕ್ಷಣಗಳೂ ಇವೇ ಆಗಿರುತ್ತವೆ.

ಕಾರಣವು ಸರಳವಾಗಿದೆ. ಒಮ್ಮೆ ಅಗೆದ ಮಣ್ಣನ್ನು ಎಷ್ಟು ತುಳಿದರೂ ಮೊದಲಿನ ಗಟ್ಟಿತನ ಬಾರದು. ಮಳೆಗೆ ಅದು ಕುಸಿಯುತ್ತದೆ. ಗುಣಿಯ ಅಂಚಿನಲ್ಲಿ ಬಿರುಕು ಬಿಡುತ್ತದೆ. ಕೆಲವು ತಿಂಗಳ ಮೇಲೆ ಒಳಗಿನ ಹೊಟ್ಟೆಭಾಗವು ಕೊಳೆತು ಇಳಿದಾಗ, ಮೊದಲ ತಗ್ಗಿನೊಳಗೆ ಎರಡನೆಯ ಚಿಕ್ಕ ತಗ್ಗೊಂದು ಮೂಡುತ್ತದೆ. ಕೆಳಗಿನ ಮಣ್ಣು ಮೇಲೆ ಬಂದು ಬಣ್ಣಗಳು ಬೆರೆಯುತ್ತವೆ; ಮಸಾರಿಯ ಕೆಂಪಿನಲ್ಲಿ ಗರಸಿನ ಬಿಳುಪು ಚುಕ್ಕೆಚುಕ್ಕೆಯಾಗಿ ಕಾಣುತ್ತದೆ. ಮೊದಲ ವರ್ಷ ಅಲ್ಲಿ ಹುಲ್ಲು ಬೆಳೆಯದೆ ಬೋಳಾಗಿರಬಹುದು. ಆಮೇಲೆ ಸುತ್ತಲಿಲ್ಲದ ಕಳೆಗಳು ಮೊದಲು ಅಲ್ಲಿ ತಲೆಯೆತ್ತುತ್ತವೆ. ಸಡಿಲವಾದ ಮಣ್ಣು, ಹೆಚ್ಚಿನ ತೇವ, ಕೊಳೆತ ದೇಹದ ಸಾರ ಇವುಗಳಿಂದ ಕೊಬ್ಬಿ ಬೆಳೆಯುತ್ತವೆ. ಇದಕ್ಕೆ ವಿರುದ್ಧವಾಗಿ, ದೇಹವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದರೆ ಬೇರು ಕೆಳಗಿಳಿಯಲಾರದೆ ಬೆಳೆಯು ಕುಂದುವುದೂ ಉಂಟು. ಗುಣಿಯೊಳಕ್ಕೆ ಬೆಳೆದ ಗಿಡದ ಬೇರನ್ನು ಅಡ್ಡಲಾಗಿ ಕೊಯ್ದು ಅದರ ಉಂಗುರಗಳನ್ನು ಎಣಿಸಿದರೆ, ಗುಣಿಯು ಕಡಮೆಯೆಂದರೆ ಎಷ್ಟು ವರ್ಷ ಹಳೆಯದೆಂದು ಹೇಳಬಹುದು.

ಭಾಷೆಯ ಪಂಡಿತನಾದ ನಾನು ಇಲ್ಲಿ ಒಂದು ಮಾತನ್ನು ಆಡದೆ ಮುಂದುವರಿಯಲಾರೆ. ಹಳಗನ್ನಡದ ‘ಪೂೞ್’ ಎಂಬ ಧಾತುವೇ ನಮ್ಮ ಇಂದಿನ ‘ಹೂಳು’. ಕ್ರಿಯೆಯಾದಾಗ ಮಣ್ಣಿನಲ್ಲಿ ಮುಚ್ಚುವುದೆಂದು ಅರ್ಥ. ನಾಮಪದವಾದಾಗ ಕೆರೆಯಲ್ಲಿ ಬಂದು ತುಂಬಿದ ಮಣ್ಣೆಂದು ಅರ್ಥ. ಶೋಧಕರು ಹುಡುಕುವುದು ನಿಜವಾಗಿ ಈ ಎರಡನೆಯದನ್ನು. ದೇಹವು ಕಣ್ಣಿಗೆ ಕಾಣುವುದಿಲ್ಲ. ಗಟ್ಟಿನೆಲದ ನಡುವೆ ತುಂಬಿರುವ ಹೂಳು ಮಾತ್ರ ಕಾಣುತ್ತದೆ. ಒಂದು ಹೊಲದ ಎರೆ ಎಲ್ಲಿ ಮುಗಿದು ಮಡ್ಡಿ ಎಲ್ಲಿ ಮೊದಲಾಗುವುದು, ಹಳೆಯ ಹಳ್ಳದ ಪಾತ್ರ ಎಲ್ಲಿತ್ತು, ಯಾವ ದಿಬ್ಬ ತಾನಾಗಿ ಹುಟ್ಟಿದುದು, ಯಾವುದು ಮಂದಿ ಒಟ್ಟಿದುದು ಎಂಬುದು ಆ ಊರಿನ ಮುದುಕನೊಬ್ಬನಿಗೆ ಗೊತ್ತಿರುತ್ತದೆ. ಹೊರಗಿನಿಂದ ಬಂದ ಯಂತ್ರಕ್ಕೆ ಗೊತ್ತಿರುವುದಿಲ್ಲ. ಅವನು ತನ್ನ ಮಾತಿನಲ್ಲಿ ಹೇಳಿದುದನ್ನು ಪಂಚನಾಮೆ ಬರೆಯುವವನು ಬೇರೊಂದು ಭಾಷೆಯಲ್ಲಿ ಬರೆದುಕೊಳ್ಳುವಾಗ ‘ಎರೆ’ಯೂ ‘ಮಸಾರಿ’ಯೂ ಬರಿಯ ‘ಮಣ್ಣು’ ಆಗಿಬಿಟ್ಟರೆ, ಸಾಕ್ಷಿಯ ತಿರುಳೇ ಹೋದಂತೆ. ಗಡಿಯಲ್ಲಿ ಬಾಳುವ ನಮಗೆ ಇದು ಪುಸ್ತಕದ ಮಾತಲ್ಲ.

ಕಣ್ಣಿನ ಕೆಲಸ ಮುಗಿದ ಮೇಲೆ ಕಬ್ಬಿಣದ ಸಲಾಕೆಯ ಸರದಿ. ಟಿ ಅಕ್ಷರದಂತೆ ಹಿಡಿಯುಳ್ಳ ತೆಳ್ಳನೆಯ ಉಕ್ಕಿನ ಸಲಾಕೆಯನ್ನು ಗೊತ್ತಾದ ಅಂತರಗಳಲ್ಲಿ ನೆಲಕ್ಕೆ ಮೆಲ್ಲನೆ ಒತ್ತುತ್ತ ಹೋಗುತ್ತಾರೆ. ಗಟ್ಟಿನೆಲವು ತಡೆಯುತ್ತದೆ, ಹೂಳು ಒಪ್ಪಿಕೊಳ್ಳುತ್ತದೆ. ಮೂಳೆಗೆ ತಗುಲಿ ಹಾನಿಯಾಗದಂತೆ ಎಚ್ಚರ ಬೇಕು. ಹಾಗೆ ಮಾಡಿದ ತೂತುಗಳಿಂದ ಒಳಗಿನ ವಾಸನೆಯು ಹೊರಬರುವುದರಿಂದ, ಸ್ವಲ್ಪ ಹೊತ್ತು ಬಿಟ್ಟು ನಾಯಿಯನ್ನು ತರುವುದು ವಾಡಿಕೆ.

ಶವಶೋಧಕ ನಾಯಿಯು ಕಳ್ಳನ ಜಾಡು ಹಿಡಿಯುವ ನಾಯಿಯಲ್ಲ. ಕೊಳೆತ ಮನುಷ್ಯದೇಹದ ವಾಸನೆಯೊಂದಕ್ಕೆ ಮಾತ್ರ ಓಗೊಡುವಂತೆ, ಸತ್ತ ದನದ ಅಥವಾ ಕುರಿಯ ವಾಸನೆಯನ್ನು ಅಲಕ್ಷಿಸುವಂತೆ, ಅದನ್ನು ತರಬೇತುಗೊಳಿಸುತ್ತಾರೆ. ಗುರುತು ಸಿಕ್ಕಿದ ಕಡೆ ಅದು ಕೂರುತ್ತದೆ ಅಥವಾ ಬೊಗಳುತ್ತದೆ, ಕೆರೆಯಬಾರದು. ಆದರೆ ನಾಯಿಯು ಕೂತ ಜಾಗವೇ ಗುಣಿಯ ಜಾಗವೆಂದು ತಿಳಿಯತಕ್ಕದ್ದಲ್ಲ. ವಾಸನೆಯು ನೀರಿನೊಡನೆ ಇಳಿಜಾರಿಗೆ ಹರಿದು, ಮರದ ಬೇರಿನ ಗುಂಟ ಸಾಗಿ, ಎಲ್ಲಿಯೋ ಮೇಲಕ್ಕೆ ಬಂದಿರಬಹುದು. ಗಾಳಿ, ಬಿಸಿಲು, ತೇವ ಇವುಗಳನ್ನೆಲ್ಲ ಬಲ್ಲ ನಾಯಿಯೊಡೆಯನಿಲ್ಲದೆ ನಾಯಿಯೊಂದೇ ಏನನ್ನೂ ಸಾಧಿಸದು. 2024ರ ಜುಲೈ 30ರಂದು ವಯನಾಡಿನ ಮುಂಡಕೈ ಚೂರಲ್‌ಮಲಗಳಲ್ಲಿ ಗುಡ್ಡ ಕುಸಿದಾಗ ಕೇರಳ ಪೊಲೀಸರ ಮಾಯಾ, ಮರ್ಫಿ ಎಂಬ ನಾಯಿಗಳು ಕೆಸರಿನಡಿಯ ದೇಹಗಳನ್ನು ತೋರಿಕೊಟ್ಟವು. ಅದು ಅಪರಾಧವಲ್ಲ, ಪ್ರಕೃತಿಯ ಮುನಿಸು. ಆದರೂ ವಿದ್ಯೆಯು ಅದೇ. ದೊರೆತ ಅಂಗಗಳಲ್ಲಿ ಹೆಸರು ತಿಳಿಯದವುಗಳಿಗೆ ಅಂಕಿಗಳನ್ನು ಕೊಟ್ಟು ಮಣ್ಣುಮಾಡಿ, ಡಿ.ಎನ್.ಎ. ಪರೀಕ್ಷೆಯ ನಂತರ ಹೆಸರುಗಳನ್ನು ಕೊಟ್ಟರು.

ಯಂತ್ರಗಳ ವಿಚಾರದಲ್ಲಿ ಜನರಿಗೆ, ವಿಶೇಷವಾಗಿ ನನ್ನ ವಿದ್ಯಾರ್ಥಿಗಳಿಗೆ, ಅತಿಯಾದ ನಂಬಿಕೆಯುಂಟು. ಸಿನಿಮಾದಲ್ಲಿ ಒಂದು ಪೆಟ್ಟಿಗೆಯನ್ನು ನೆಲದ ಮೇಲೆ ಎಳೆದರೆ ಪರದೆಯ ಮೇಲೆ ಅಸ್ಥಿಪಂಜರವೇ ಮೂಡುತ್ತದೆ. ವಾಸ್ತವದಲ್ಲಿ ಯಾವ ಯಂತ್ರವೂ ಮೂಳೆಯನ್ನು ತೋರಿಸುವುದಿಲ್ಲ. ಸುತ್ತಲಿನ ನೆಲಕ್ಕೂ ಈ ಜಾಗಕ್ಕೂ ಏನೋ ವ್ಯತ್ಯಾಸವಿದೆಯೆಂದು ಮಾತ್ರ ಹೇಳುತ್ತದೆ. ಆ ವ್ಯತ್ಯಾಸವು ಗುಣಿಯಿರಬಹುದು, ಮರದ ಬೇರಿರಬಹುದು, ಹಳೆಯ ನೀರುಕೊಳವೆಯಿರಬಹುದು, ಹೆಗ್ಗಣದ ಬಿಲವಿರಬಹುದು.

ಭೂಭೇದಕ ರಾಡಾರ್ ಎಂಬುದು ರೇಡಿಯೋ ಅಲೆಗಳನ್ನು ಕೆಳಕ್ಕೆ ಕಳುಹಿಸಿ, ಮರಳಿ ಬಂದ ಪ್ರತಿಧ್ವನಿಗಳನ್ನು ದಾಖಲಿಸುತ್ತದೆ. ಮರಳುನೆಲದಲ್ಲಿ ಅದು ಚೆನ್ನಾಗಿ ಕೆಲಸಮಾಡುತ್ತದೆ. ವಿದ್ಯುತ್ ರೋಧವನ್ನು ಅಳೆಯುವ ವಿಧಾನದಲ್ಲಿ ನೆಲಕ್ಕೆ ಮೊಳೆಗಳನ್ನು ನೆಟ್ಟು ಅಲ್ಪ ವಿದ್ಯುತ್ತನ್ನು ಹಾಯಿಸುತ್ತಾರೆ. ಕೊಳೆಯುವ ದೇಹದಿಂದ ಒಸರುವ ದ್ರವವು ಉಪ್ಪಿನಂಶದಿಂದ ಕೂಡಿ ವಿದ್ಯುತ್ತಿಗೆ ಸುಲಭವಾಗಿ ದಾರಿಕೊಡುವುದರಿಂದ ಆ ಜಾಗದಲ್ಲಿ ರೋಧವು ಇಳಿಯುತ್ತದೆ. ಕಾಂತಮಾಪಕವು ಅಗೆತದಿಂದ ಕದಡಿದ ಮಣ್ಣಿನ ಅಥವಾ ಹೂತ ಕಬ್ಬಿಣದ ಸುಳಿವನ್ನು ಕೊಡುತ್ತದೆ.

ಇವುಗಳನ್ನು ಪರೀಕ್ಷಿಸಿದ ಬಗೆ ಕುತೂಹಲಕರವಾಗಿದೆ. ಅಮೆರಿಕೆಯ ಕೊಲರಾಡೋದಲ್ಲಿ 1980ರ ದಶಕದ ಕೊನೆಯಲ್ಲಿ ಭೂವಿಜ್ಞಾನಿಗಳು, ಸಸ್ಯಶಾಸ್ತ್ರಜ್ಞರು, ಪೊಲೀಸರು, ನಾಯಿ ಸಾಕುವವರು ಒಟ್ಟುಗೂಡಿ ಸತ್ತ ಹಂದಿಗಳನ್ನು ಹೂತು, ವರ್ಷಗಟ್ಟಲೆ ಅವುಗಳ ಮೇಲಿನ ನೆಲವನ್ನು ತಮ್ಮತಮ್ಮ ಶಾಸ್ತ್ರದಿಂದ ಅಳೆಯುತ್ತ ಬಂದರು. ತೂಕದಲ್ಲಿಯೂ ಕೊಬ್ಬಿನ ಪ್ರಮಾಣದಲ್ಲಿಯೂ ರೋಮದ ವಿರಳತೆಯಲ್ಲಿಯೂ ಹಂದಿಯು ಮನುಷ್ಯನಿಗೆ ಹತ್ತಿರವಂತೆ. ಈ ಕೂಟವೇ ಮುಂದೆ ನೆಕ್ರೋಸರ್ಚ್ ಎಂಬ ಸಂಸ್ಥೆಯಾಗಿ ಪೊಲೀಸರಿಗೆ ನೆರವಾಗತೊಡಗಿತು. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದವರು 2007ರಿಂದ ಇಂತಹ ಪ್ರಯೋಗಗಳನ್ನು ನಡೆಸಿ ಒಂದು ಉಪಯುಕ್ತ ಸಂಗತಿಯನ್ನು ತೋರಿಸಿದರು: ಬರಿದಾಗಿ ಹೂತ ದೇಹಕ್ಕೆ ವಿದ್ಯುತ್ ರೋಧದ ವಿಧಾನವು ಮೇಲು; ಹಾಳೆಯಲ್ಲಿ ಸುತ್ತಿ ಹೂತುದಕ್ಕೆ ರಾಡಾರ್ ಮೇಲು. ಸುತ್ತಿದ ದೇಹದ ದ್ರವವು ಹೊರಬರದು. ಹಾಳೆಯ ನುಣ್ಣನೆಯ ಮೈ ಅಲೆಗಳನ್ನು ಚೆನ್ನಾಗಿ ಹಿಂದಿರುಗಿಸುತ್ತದೆ.

ಇವೆಲ್ಲವನ್ನೂ ನಮ್ಮ ಅಕ್ಕಲಕೋಟೆ ಸೊಲ್ಲಾಪುರದ ಎರೆಯಲ್ಲಿ ನಡೆಸಿದರೆ? ಇಲ್ಲಿ ನಮ್ಮ ನೆಲವು ವಿಜ್ಞಾನಿಗಳಿಗೆ ಬಹಳ ಕಷ್ಟ ಕೊಡುವಂತಹುದು. ಎರೆಯು ಜಿಗುಟಾದ ಮಣ್ಣು. ತೇವಗೊಂಡಾಗ ರಾಡಾರಿನ ಅಲೆಗಳನ್ನು ಮೇಲುಪದರಿನಲ್ಲಿಯೇ ನುಂಗಿಬಿಡುತ್ತದೆ. ತಾನೇ ವಿದ್ಯುತ್ತಿಗೆ ದಾರಿಕೊಡುವ ಮಣ್ಣಾದುದರಿಂದ ಗುಣಿಯ ದ್ರವದ ವ್ಯತ್ಯಾಸವು ಎದ್ದುಕಾಣದು. ಕೆಳಗಿರುವ ಕರಿಗಲ್ಲು ಅಗ್ನಿಶಿಲೆ; ಅದರಲ್ಲಿಯೇ ಕಾಂತಶಕ್ತಿಯಿರುವುದರಿಂದ ಕಾಂತಮಾಪಕದ ಮುಳ್ಳು ತಾನಾಗಿಯೇ ಕುಣಿಯುತ್ತದೆ. ಸಾಲದುದಕ್ಕೆ ಎರೆಯು ಬೇಸಗೆಯಲ್ಲಿ ಕೈ ಹೋಗುವಷ್ಟು ಬಿರಿದು, ಮೇಲಿನ ಮಣ್ಣನ್ನು ಬಿರುಕಿನೊಳಕ್ಕೆ ಉದುರಿಸಿಕೊಂಡು, ಮಳೆಗಾಲದಲ್ಲಿ ಉಬ್ಬಿ, ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಗುಣಿಯ ಅಂಚು ಹೀಗೆ ಕ್ರಮೇಣ ಮಸುಳಿಹೋಗುತ್ತದೆ. ಆದುದರಿಂದ ನಮ್ಮ ಕಡೆ ಮನುಷ್ಯರ ಸಾಕ್ಷಿ, ಹಳೆಯ ಚಿತ್ರ, ನಾಯಿಯ ಮೂಗು, ಬೇಸಾಯಗಾರನ ಕಣ್ಣು ಇವೇ ಯಂತ್ರಕ್ಕಿಂತ ಮುಂದೆ ನಿಲ್ಲಬೇಕು.

ಹಳೆಯ ಚಿತ್ರವೆಂದೆನಲ್ಲವೆ? ಆಕಾಶದಿಂದ ತೆಗೆದ ಚಿತ್ರವು ಒಂದು ರಾಷ್ಟ್ರದ ಸುಳ್ಳನ್ನೇ ಬಯಲಿಗೆಳೆದುದುಂಟು. 1995ರ ಜುಲೈಯಲ್ಲಿ ಬಾಸ್ನಿಯದ ಸ್ರೆಬ್ರೆನಿತ್ಸ ಎಂಬಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮುಸಲ್ಮಾನ ಗಂಡಸರನ್ನೂ ಹುಡುಗರನ್ನೂ ಸರ್ಬ ಪಡೆಗಳು ಕೊಂದವು. ಮುಂದಿನ ತಿಂಗಳೇ ಅಮೆರಿಕೆಯ ಪ್ರತಿನಿಧಿ ಮ್ಯಾಡಲೀನ್ ಆಲ್ಬ್ರೈಟ್ ಅವರು ಹೊಸದಾಗಿ ಕೆದಕಿದ ನೆಲದ ಚಿತ್ರಗಳನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಲಿಯ ಮುಂದಿಟ್ಟರು. ಗುಟ್ಟು ರಟ್ಟಾಯಿತೆಂದು ತಿಳಿದ ಕೊಲೆಗಡುಕರು ಯಂತ್ರಗಳನ್ನು ತಂದು, ಗುಣಿಗಳನ್ನು ಅಗೆದು, ದೇಹಗಳನ್ನು ಲಾರಿಗಳಲ್ಲಿ ತುಂಬಿ, ದೂರದ ಕಣಿವೆಗಳಲ್ಲಿ ಮತ್ತೆ ಹೂಳಿದರು. ಒಬ್ಬನ ಮೂಳೆಗಳೇ ಎರಡು ಮೂರು ಗುಣಿಗಳಲ್ಲಿ ಹಂಚಿಹೋದವು. ಆದರೆ ಮಣ್ಣು ಮಾತ್ರ ಅವರನ್ನು ಬಿಡಲಿಲ್ಲ. ಕೊಜ್ಲುಕ್ ಎಂಬಲ್ಲಿ ಸೀಸೆ ತುಂಬುವ ಕಾರ್ಖಾನೆಯ ಒಡಕುಗಾಜನ್ನು ಸುರಿಯುತ್ತಿದ್ದ ಜಾಗದಲ್ಲಿ ಮೊದಲು ಹೂಳಿದ್ದರು. ಅದೇ ಗಾಜಿನ ಚೂರುಗಳು ಎರಡನೆಯ ಗುಣಿಯಲ್ಲಿಯೂ ದೊರೆತವು. ಮಣ್ಣಿನ ಬಗೆ, ಹೂವಿನ ಪರಾಗ, ತೋಟೆಯ ಕೊಳವೆಗಳು ಇವೆಲ್ಲ ಯಾವ ಗುಣಿಯಿಂದ ಯಾವ ಗುಣಿಗೆ ಸಾಗಿಸಿದರೆಂಬುದನ್ನು ಹೇಳಿದವು.

ಜಾಗವು ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅತ್ಯಂತ ದೊಡ್ಡ ಹಾನಿಯು ಆಗುವುದು ಅಲ್ಲಿಯೇ. ಅರ್ಜೆಂಟೀನದಲ್ಲಿ 1976ರಿಂದ 1983ರ ವರೆಗೆ ಸೈನಿಕ ಸರಕಾರವು ಸಾವಿರಾರು ಜನರನ್ನು ಕಾಣೆಮಾಡಿತು. ಪ್ರಜಾಪ್ರಭುತ್ವ ಬಂದೊಡನೆ ನ್ಯಾಯಾಧೀಶರ ಆಜ್ಞೆಯಂತೆ ಅನಾಮಿಕ ಸಮಾಧಿಗಳನ್ನು ಬುಲ್‌ಡೋಜರುಗಳಿಂದ ತೆರೆದರು. ಮೂಳೆಗಳು ಒಡೆದು, ಒಬ್ಬರದು ಇನ್ನೊಬ್ಬರದರಲ್ಲಿ ಬೆರೆತು, ಗುಂಡುಗಳು ಮಣ್ಣಿನಲ್ಲಿ ಕಳೆದುಹೋದವು. ಮಕ್ಕಳನ್ನು ಕಳೆದುಕೊಂಡ ತಾಯಂದಿರು ನೋಡುತ್ತ ನಿಂತಿದ್ದರು. 1984ರಲ್ಲಿ ಕ್ಲೈಡ್ ಸ್ನೋ ಎಂಬ ಅಮೆರಿಕದ ಅಸ್ಥಿಶಾಸ್ತ್ರಜ್ಞರು ಅಲ್ಲಿಗೆ ಹೋಗಿ ಈ ವಿಧಾನವನ್ನು ನಿಲ್ಲಿಸಬೇಕೆಂದರು. ಅವರಿಗೆ ನೆರವಾಗಲು ಮುಂದೆ ಬಂದವರು ದೊಡ್ಡ ಪ್ರಾಧ್ಯಾಪಕರಲ್ಲ, ಕೆಲವರು ವಿದ್ಯಾರ್ಥಿಗಳು. ಗೋರಿ ಅಗೆಯುವುದನ್ನು ಅವರು ಕನಸಿನಲ್ಲಿಯೂ ಎಣಿಸಿರಲಿಲ್ಲ. ಸ್ನೋ ಅವರು ಪುರಾತತ್ತ್ವದ ಕ್ರಮವನ್ನು ಅವರಿಗೆ ಕಲಿಸಿದರು. ಆ ವಿದ್ಯಾರ್ಥಿಗಳ ತಂಡವು ಅನೇಕ ದೇಶಗಳಲ್ಲಿ ಇದೇ ಕೆಲಸವನ್ನು ಮಾಡುತ್ತ ಬಂದಿದೆ. 1985ರಲ್ಲಿ ಸೇನಾಧಿಪತಿಗಳ ವಿಚಾರಣೆ ನಡೆದಾಗ ಸ್ನೋ ಅವರು ಮೂಳೆಗಳ ಪರವಾಗಿ ಸಾಕ್ಷಿ ನುಡಿದರು.

ಆ ಕ್ರಮವೇನೆಂದರೆ: ಸಂಶಯದ ಜಾಗವನ್ನು ದಾರದಿಂದ ಚೌಕಗಳಾಗಿ ವಿಂಗಡಿಸುವುದು, ಮೇಲುಪದರನ್ನು, ಯಂತ್ರ ಬಳಸಿದರೂ ಹಲ್ಲಿಲ್ಲದ ಚಪ್ಪಟೆ ಬುಟ್ಟಿಯಿಂದ, ಬೆರಳ ದಪ್ಪದಂತೆ ಹೆರೆಯುವುದು, ಗುಣಿಯ ಅಂಚು ಬಣ್ಣದಿಂದ ತೋರಿದೊಡನೆ ಯಂತ್ರವನ್ನು ನಿಲ್ಲಿಸುವುದು. ಆಮೇಲೆ ಗೌಂಡಿಯ ಥಾಪಿಯಂತಹ ಕರಣಿ, ಬಿದಿರಿನ ಕಡ್ಡಿ, ಕುಂಚ. ಗುಣಿಯ ಗೋಡೆಗೆ ತಾಗದಂತೆ ಹೂಳನ್ನು ಮಾತ್ರ ತೆಗೆಯಬೇಕು. ಕೊಲೆಗಾರನ ಸಲಿಕೆಯ ಗುರುತು ಆ ಗೋಡೆಯಲ್ಲಿ ಉಳಿದಿರಬಹುದು. ತೆಗೆದ ಮಣ್ಣನ್ನೆಲ್ಲ ಜರಡಿಗೆ ಹಾಕಬೇಕು. ಹಲ್ಲೊಂದು, ಗುಂಡಿಯೊಂದು, ಮಣಿಯೊಂದು ಅಲ್ಲಿ ಸಿಕ್ಕೀತು. ಪ್ರತಿಯೊಂದರ ಆಳವನ್ನೂ ದಿಕ್ಕನ್ನೂ ಬರೆದು ಚಿತ್ರ ತೆಗೆಯಬೇಕು. ಎಲ್ಲಕ್ಕಿಂತ ಕೊನೆಗೆ ದೇಹವನ್ನು ಎತ್ತಬೇಕು.

ನಮ್ಮ ದೇಶದಲ್ಲಿಯೇ ಇದರ ಬೆಲೆಯನ್ನು ತಿಳಿಸುವ ಉದಾಹರಣೆಯೊಂದಿದೆ. 1857ರಲ್ಲಿ ಪಂಜಾಬಿನ ಅಜ್ನಾಲದಲ್ಲಿ ಸಿಪಾಯಿಗಳನ್ನು ಕೊಂದು ಪಾಳುಬಾವಿಗೆ ತುಂಬಿಸಿದುದಾಗಿ ಅಮೃತಸರದ ಅಂದಿನ ಡೆಪ್ಯುಟಿ ಕಮಿಷನರನಾದ ಫ್ರೆಡರಿಕ್ ಕೂಪರನೇ ಮರುವರ್ಷ ಪುಸ್ತಕದಲ್ಲಿ ಬರೆದುಕೊಂಡನು. ಆ ಸಂಖ್ಯೆಯನ್ನು 282 ಎಂದು ಹೇಳುತ್ತಾರೆ. 2014ರಲ್ಲಿ ಬಾವಿಯನ್ನು ತೆರೆದಾಗ ನಾಣ್ಯ, ಪದಕಗಳೊಡನೆ ರಾಶಿ ಮೂಳೆಗಳು ದೊರೆತವು. ಭಕ್ತಿಯಿಂದ, ಆದರೆ ಶಾಸ್ತ್ರಜ್ಞರಿಲ್ಲದೆ, ಗುದ್ದಲಿಯಿಂದ ಅಗೆದುದರಿಂದ ಬಹಳಷ್ಟು ಮೂಳೆಗಳು ಚೂರಾದವು. ಯಾವ ತಲೆ ಯಾವ ಮೈಯದೆಂದು ಹೇಳುವ ಅವಕಾಶವು ಅಂದೇ ಹೋಯಿತು. ಉಳಿದ ಹಲ್ಲುಗಳನ್ನು ಹೈದರಾಬಾದು, ಕಾಶಿ, ಲಕ್ನೋ, ಚಂಡೀಗಢಗಳ ವಿಜ್ಞಾನಿಗಳು ಪರೀಕ್ಷಿಸಿ, ಇವರು ಪಂಜಾಬಿನವರಲ್ಲ, ಗಂಗಾಬಯಲಿನ ಸಿಪಾಯಿಗಳೆಂದು 2022ರಲ್ಲಿ ಪ್ರಕಟಿಸಿದರು. ಬಾಲ್ಯದಲ್ಲಿ ಕುಡಿದ ನೀರಿನ, ಉಂಡ ಅನ್ನದ ಗುರುತು ಹಲ್ಲಿನಲ್ಲಿ ಉಳಿಯುತ್ತದೆಂಬುದು ಆ ಪರೀಕ್ಷೆಯ ಆಧಾರ.

ಇಷ್ಟೆಲ್ಲ ವಿಧಾನಗಳಿದ್ದರೂ ಹೆಚ್ಚಿನ ದೇಹಗಳು ಸಿಕ್ಕುವುದು ಯಾರೋ ಬಾಯಿ ಬಿಟ್ಟುದರಿಂದ. ಐರ್ಲೆಂಡಿನಲ್ಲಿ 1970ರ ದಶಕದಿಂದ ಸಶಸ್ತ್ರ ಗುಂಪುಗಳು ಕೊಂದು ಗುಟ್ಟಾಗಿ ಹೂಳಿದವರನ್ನು ಹುಡುಕಲು ಬ್ರಿಟಿಷ್ ಹಾಗೂ ಐರಿಷ್ ಸರಕಾರಗಳು 1999ರಲ್ಲಿ ಆಯೋಗವೊಂದನ್ನು ನೇಮಿಸಿದವು. ಜಾಗ ತೋರಿಸಿದವನ ಮಾತನ್ನು ಅವನ ವಿರುದ್ಧ ಸಾಕ್ಷಿಯಾಗಿ ಬಳಸುವುದಿಲ್ಲವೆಂದು ಕಾನೂನು ಮಾಡಿದವು. ನ್ಯಾಯವನ್ನು ಮಾರಿ ಮೂಳೆ ಕೊಂಡಂತಾಯಿತೆಂದು ಆಕ್ಷೇಪಿಸುವವರಿದ್ದಾರೆ. ನನಗೂ ಮೊದಲು ಹಾಗೆಯೇ ತೋರಿತು. ಆದರೆ 17 ಮಂದಿಯ ಪಟ್ಟಿಯಲ್ಲಿ 13 ಮಂದಿಯ ಅವಶೇಷಗಳು ಮನೆಯವರ ಕೈ ಸೇರಿದುದನ್ನು ಕಂಡ ಮೇಲೆ ಆಕ್ಷೇಪವನ್ನು ಗಟ್ಟಿಯಾಗಿ ಆಡಲು ನಾಲಗೆ ಏಳುವುದಿಲ್ಲ. ನೆನಪು ಮೋಸಮಾಡುವುದೂ ಉಂಟು: ಮರ ಕಡಿದಿರುತ್ತಾರೆ, ದಾರಿ ಬದಲಾಗಿರುತ್ತದೆ. ಹತ್ತು ಮಕ್ಕಳ ತಾಯಿಯೊಬ್ಬಳಿಗಾಗಿ 1999ರಲ್ಲಿ ಒಂದು ಕಡಲತಡಿಯಲ್ಲಿ ವಾರಗಟ್ಟಲೆ ಅಗೆದರೂ ಸಿಕ್ಕಲಿಲ್ಲ. 2003ರಲ್ಲಿ ಬೇರೊಂದು ತಡಿಯಲ್ಲಿ ತಿರುಗಾಡಲು ಬಂದವರ ಕಣ್ಣಿಗೆ ಬಿದ್ದಳು. 2015ರಲ್ಲಿ ಒಬ್ಬನಿಗಾಗಿ ಅಗೆಯುತ್ತಿದ್ದಾಗ ಬೇರೆ ಇಬ್ಬರು ಒಂದೇ ಗುಣಿಯಲ್ಲಿ ದೊರೆತರು.

ನಮ್ಮ ಕಾನೂನಿನಲ್ಲಿ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. ಆದರೆ ಆರೋಪಿಯು ಹೇಳಿದುದರಿಂದ ವಸ್ತುವೊಂದು ನಿಜವಾಗಿ ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದ ಮಾತಿನ ಭಾಗವನ್ನಷ್ಟು ಸಾಕ್ಷ್ಯವಾಗಿ ಸ್ವೀಕರಿಸಬಹುದು. ಹಳೆಯ ಸಾಕ್ಷ್ಯ ಅಧಿನಿಯಮದ 27ನೆಯ ಕಲಮಿನಲ್ಲಿದ್ದ ಈ ನಿಯಮವು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮಿನಲ್ಲಿ ಸೇರಿದೆ. ಬೆಂಗಳೂರಿನಲ್ಲಿ 1991ರಲ್ಲಿ ಕಾಣೆಯಾದ ಮಹಿಳೆಯೊಬ್ಬಳ ದೇಹವನ್ನು 1994ರಲ್ಲಿ ಅವಳ ಮನೆಯ ಅಂಗಳದಿಂದಲೇ ಹೊರತೆಗೆದುದು ಗಂಡನು ತೋರಿಸಿದ ಜಾಗದಲ್ಲಿ; ಆ ಅಗೆತವನ್ನು ವಿಡಿಯೋದಲ್ಲಿ ದಾಖಲಿಸಿದ್ದರು. ಹೂತ ದೇಹವನ್ನು ತೆಗೆಸಿ ಪರೀಕ್ಷಿಸುವ ಅಧಿಕಾರವು ಮ್ಯಾಜಿಸ್ಟ್ರೇಟರದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 196ನೆಯ ಕಲಮು ಅದನ್ನು ಹೇಳುತ್ತದೆ. ಪೊಲೀಸರಾಗಲಿ ಊರವರಾಗಲಿ ತಾವಾಗಿಯೇ ಗುದ್ದಲಿ ಹಿಡಿಯುವಂತಿಲ್ಲ.

ಕೊನೆಯದಾಗಿ ಸಭಿಕರಿಗೆ ಉಪಯೋಗವಾಗುವ ಎರಡು ಮಾತು. ಹೊಲ ಉಳುವಾಗಲೋ ಬಾವಿ ತೋಡುವಾಗಲೋ ಮೂಳೆ ಕಂಡಿತೆನ್ನಿ. ಅದು ದನದ್ದೇ ಇರಬಹುದು. ಬಹುಸಲ ಹಾಗೆಯೇ ಇರುತ್ತದೆ. ಹಳೆಯ ಮಸಣದ್ದೂ ಇರಬಹುದು. ಅದನ್ನು ನಿರ್ಧರಿಸುವ ಕೆಲಸ ನಮ್ಮದಲ್ಲ. ಎತ್ತನ್ನು ನಿಲ್ಲಿಸಿ, ಟ್ರ್ಯಾಕ್ಟರಾದರೆ ಇಂಜಿನನ್ನು ನಿಲ್ಲಿಸಿ, ಮೂಳೆಯನ್ನು ಇದ್ದಲ್ಲಿಯೇ ಬಿಟ್ಟು, ಒಂದು ಕೋಲು ನೆಟ್ಟು, ಪೊಲೀಸು ಪಾಟೀಲರಿಗೆ ತಿಳಿಸಿರಿ. ತೊಳೆದು ತರಬೇಡಿರಿ, ಸುತ್ತಲಿನ ಮಣ್ಣೂ ಸಾಕ್ಷಿಯೇ. ನಾಯಿ ನರಿಗಳು ಎಳೆಯದಂತೆ ಒಬ್ಬರು ಕಾವಲಿರಲಿ. ಅಧಿಕಾರಿಗಳು ಬಂದಾಗ ಆ ಹೊಲದ ಹಳೆಯ ಸಂಗತಿಗಳನ್ನು ಬಲ್ಲ ಹಿರಿಯರನ್ನು ಮುಂದೆ ಮಾಡಿರಿ. ಅವರು ಹೇಳಿದುದನ್ನು ಪಂಚನಾಮೆಯಲ್ಲಿ ಹೇಳಿದಂತೆಯೇ ಬರೆದಿದ್ದಾರೆಯೇ ಎಂದು ಓದಿಸಿ ಕೇಳಿದ ಮೇಲೆ ರುಜು ಹಾಕಿರಿ.